ಡೆತ್ ಕೆಫೆ: ಸಾವಿನ ಕುರಿತ ಮುಕ್ತ ಮಾತುಕತೆಯ ಕೂಟಗಳು

ಡೆತ್ ಕೆಫೆ ಎಂಬುದು ಪರಸ್ಪರ ಪರಿಚಯವಿಲ್ಲದ ಜನರು ಒಂದೆಡೆ ಸೇರಿ, ಚಹಾ ಕಾಫಿ ಕುಡಿಯುತ್ತ, ತಿಂಡಿ ತಿನ್ನುತ್ತ, ಸಾವಿನ ಬಗ್ಗೆ ಮುಚ್ಚುಮರೆಯಿಲ್ಲದೆ ಮಾತನಾಡುವ ಸಾರ್ವಜನಿಕ ಕೂಟ. ಹೆಸರಿನಲ್ಲಿ ಕೆಫೆ ಇದ್ದರೂ ಇದಕ್ಕೆ ಸ್ಥಿರವಾದ ಅಂಗಡಿಯಾಗಲಿ ಕಟ್ಟಡವಾಗಲಿ ಇಲ್ಲ. ಒಂದೂವರೆ ಎರಡು ಗಂಟೆ ನಡೆದು ಮುಗಿಯುವ ಸಭೆಗೇ ಈ ಹೆಸರು ಸಲ್ಲುತ್ತದೆ. ಹೋಟೆಲಿನ ಮೂಲೆ, ಗ್ರಂಥಾಲಯ, ಚರ್ಚಿನ ಹಜಾರ, ಹಾಸ್ಪಿಸ್ ಎಂದು ಕರೆಯಲಾಗುವ, ಗುಣವಾಗದ ಕಾಯಿಲೆಯವರನ್ನು ಕೊನೆಯ ದಿನಗಳಲ್ಲಿ ನೋಡಿಕೊಳ್ಳುವ ಆರೈಕೆಮನೆ, ಸ್ಮಶಾನದ ಪ್ರಾರ್ಥನಾ ಮಂದಿರ, ಯಾರದಾದರೂ ಮನೆಯ ಪಡಸಾಲೆ, ಹೀಗೆ ನಾಲ್ಕು ಜನ ಕೂರಬಹುದಾದ ಯಾವ ಜಾಗದಲ್ಲಾದರೂ ಅದು ನಡೆಯಬಹುದು. ಅಲ್ಲಿ ಉಪನ್ಯಾಸಕರಿರುವುದಿಲ್ಲ, ಮೊದಲೇ ಗೊತ್ತುಪಡಿಸಿದ ವಿಷಯಸೂಚಿ ಇರುವುದಿಲ್ಲ, ಕೊನೆಯಲ್ಲಿ ಕೈಗೊಳ್ಳಬೇಕಾದ ನಿರ್ಣಯವೂ ಇರುವುದಿಲ್ಲ. ಇದರ ಮೂಲರೂಪವಾದ ಕೆಫೆ ಮೊರ್ಟೆಲ್ 2004ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಆರಂಭವಾಯಿತು. ಡೆತ್ ಕೆಫೆ ಎಂಬ ಹೆಸರಿನ ಮಾದರಿ 2011ರಲ್ಲಿ ಲಂಡನ್ನಿನಲ್ಲಿ ರೂಪುಗೊಂಡು, ಆಮೇಲಿನ ಒಂದು ದಶಕದಲ್ಲಿ 80ಕ್ಕೂ ಹೆಚ್ಚು ದೇಶಗಳಿಗೆ ಹರಡಿತು. ಸಾವಿನ ಬಗ್ಗೆ ಮಾತು ನಡೆಯುವ ಇತರ ವೇದಿಕೆಗಳಿಗೆಲ್ಲ ಒಂದು ಉದ್ದೇಶವಿದೆ: ವೈದ್ಯರು ಚಿಕಿತ್ಸೆಯನ್ನು ತೀರ್ಮಾನಿಸಲು ಮಾತನಾಡುತ್ತಾರೆ, ವಕೀಲರು ಉಯಿಲು ಬರೆಯಲು, ಪುರೋಹಿತರು ಕರ್ಮ ನೆರವೇರಿಸಲು. ಇಂಥ ಯಾವುದೇ ಗುರಿಯನ್ನು ಇಟ್ಟುಕೊಳ್ಳದಿರುವುದು ಡೆತ್ ಕೆಫೆಯ ಮುಖ್ಯ ಲಕ್ಷಣವಾಗಿದ್ದು, ಅದರ ಹರಡುವಿಕೆಗೂ ಅದರ ಮಿತಿಗಳಿಗೂ ಇದೇ ಕಾರಣವಾಗಿದೆ.

ಹಿನ್ನೆಲೆ

ಇಪ್ಪತ್ತನೆಯ ಶತಮಾನದಲ್ಲಿ ಪಶ್ಚಿಮ ಯೂರೋಪು ಮತ್ತು ಉತ್ತರ ಅಮೆರಿಕಗಳಲ್ಲಿ ಸಾವು ಸಂಭವಿಸುವ ಜಾಗವೇ ಬದಲಾಯಿತು. ಹಿಂದೆ ಮನೆಯಲ್ಲಿ, ನೆಂಟರಿಷ್ಟರ ಮತ್ತು ಮಕ್ಕಳ ಕಣ್ಣೆದುರಿನಲ್ಲೇ ಆಗುತ್ತಿದ್ದ ಸಾವು ಆಸ್ಪತ್ರೆಗೆ ಸಾಗಿತು. ಶವವನ್ನು ತೊಳೆದು ಸಿಂಗರಿಸುವ ಕೆಲಸ ನೆರೆಹೊರೆಯವರ ಕೈಯಿಂದ ವೃತ್ತಿಪರ ಶವಸಂಸ್ಕಾರ ಸಂಸ್ಥೆಗಳಿಗೆ ಹೋಯಿತು. ಶೋಕದ ಉಡುಪು, ಶೋಕದ ಅವಧಿ ಮುಂತಾದ ಕಟ್ಟುಪಾಡುಗಳು ಸಡಿಲವಾದವು. ಶಿಶುಮರಣ ಇಳಿದು ಆಯುಸ್ಸು ಹೆಚ್ಚಿದ್ದರಿಂದ, ನಡುವಯಸ್ಸು ದಾಟಿದರೂ ಒಂದು ಸಾವನ್ನು ಹತ್ತಿರದಿಂದ ಕಾಣದ ತಲೆಮಾರು ಮೊದಲ ಬಾರಿಗೆ ಉಂಟಾಯಿತು.

ಈ ಬದಲಾವಣೆಯನ್ನು ವಿದ್ವಾಂಸರು ಹಲವು ದಿಕ್ಕುಗಳಿಂದ ಗುರುತಿಸಿದರು. ವಿಕ್ಟೋರಿಯನ್ನರ ಕಾಲದಲ್ಲಿ ಲೈಂಗಿಕತೆ ಹೇಗೆ ಬಾಯಿಬಿಟ್ಟು ಆಡಬಾರದ ವಿಷಯವಾಗಿತ್ತೋ ಹಾಗೆಯೇ ಈಗ ಸಹಜ ಸಾವು ಆಡಬಾರದ ವಿಷಯವಾಗಿದೆ ಎಂದು ಬ್ರಿಟಿಷ್ ಮಾನವಶಾಸ್ತ್ರಜ್ಞ ಜೆಫ್ರಿ ಗೋರರ್ 1955ರ ಪ್ರಬಂಧವೊಂದರಲ್ಲಿ ವಾದಿಸಿದ. ಮನುಷ್ಯನ ಸಂಸ್ಕೃತಿಯ ಬಹುಭಾಗ ಸಾವಿನ ಭಯವನ್ನು ಅಲ್ಲಗಳೆಯುವ ಯತ್ನದಿಂದ ಹುಟ್ಟಿದೆ ಎಂಬ ಅಮೆರಿಕದ ಅರ್ನೆಸ್ಟ್ ಬೆಕರ್‌ನ 1973ರ ಗ್ರಂಥಕ್ಕೆ ಮರುವರ್ಷ ಪುಲಿಟ್ಜರ್ ಪ್ರಶಸ್ತಿ ದೊರೆಯಿತು. ಫ್ರೆಂಚ್ ಇತಿಹಾಸಕಾರ ಫಿಲಿಪ್ ಆರಿಯೇಸ್ ಮಧ್ಯಯುಗದಿಂದ ಈಚಿನವರೆಗೆ ಯೂರೋಪಿನ ಜನ ಸಾವಿನೊಡನೆ ಇಟ್ಟುಕೊಂಡ ಸಂಬಂಧವನ್ನು 1977ರಲ್ಲಿ ಪ್ರಕಟವಾದ ಬೃಹತ್ ಕೃತಿಯಲ್ಲಿ ನಿರೂಪಿಸಿ, ಒಂದು ಕಾಲದಲ್ಲಿ ಪಳಗಿದ್ದ ಸಾವು ಆಧುನಿಕ ಕಾಲದಲ್ಲಿ ನಿಷಿದ್ಧವಾಯಿತೆಂಬ ನಿಲುವಿಗೆ ಬಂದ. ಜರ್ಮನ್ ಮೂಲದ ಸಮಾಜಶಾಸ್ತ್ರಜ್ಞ ನಾರ್ಬರ್ಟ್ ಎಲಿಯಾಸ್ 1982ರ ತನ್ನ ಪುಸ್ತಕದಲ್ಲಿ ಸಾಯುತ್ತಿರುವವರ ಒಂಟಿತನವನ್ನು ಚರ್ಚಿಸಿ, ಅವರೊಡನೆ ಏನು ಮಾತನಾಡಬೇಕೆಂದು ಬದುಕಿರುವವರಿಗೆ ತೋಚದಿರುವುದನ್ನು ಆಧುನಿಕ ನಾಗರಿಕತೆಯ ಒಂದು ಪರಿಣಾಮವೆಂದು ಕಂಡ.

ಇದೇ ಅವಧಿಯಲ್ಲಿ ವೈದ್ಯಕೀಯದ ಒಳಗಿನಿಂದಲೇ ಪ್ರತಿಕ್ರಿಯೆ ಮೂಡಿತು. ಸಿಸಿಲಿ ಸಾಂಡರ್ಸ್ 1967ರಲ್ಲಿ ಲಂಡನ್ನಿನಲ್ಲಿ ಸ್ಥಾಪಿಸಿದ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್‌ನಿಂದ ಆಧುನಿಕ ಉಪಶಮನ ಆರೈಕೆ, ಅಂದರೆ ರೋಗ ಗುಣವಾಗದಿದ್ದರೂ ನೋವನ್ನೂ ಸಂಕಟವನ್ನೂ ತಗ್ಗಿಸಿ ಬದುಕಿನ ಗುಣಮಟ್ಟವನ್ನು ಕಾಯುವ ವೈದ್ಯಪದ್ಧತಿ ಬೆಳೆಯಿತು. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಮನೋವೈದ್ಯೆ ಎಲಿಜಬೆತ್ ಕ್ಯೂಬ್ಲರ್-ರಾಸ್ ಸಾಯುತ್ತಿರುವ ರೋಗಿಗಳ ಮಾತನ್ನು ಕೇಳಿಸಿಕೊಂಡು 1969ರಲ್ಲಿ ಪ್ರಕಟಿಸಿದ ಪುಸ್ತಕ, ಅಂಥವರೊಡನೆ ನೇರವಾಗಿ ಮಾತನಾಡಬಹುದು ಎಂಬುದನ್ನು ವೈದ್ಯಲೋಕಕ್ಕೆ ಮನಗಾಣಿಸಿತು. ಆದರೆ ಈ ಸುಧಾರಣೆಗಳ ಬಳಿಕವೂ ಸಾವಿನ ಮಾತು ಹೆಚ್ಚಾಗಿ ತಜ್ಞರ ವಶದಲ್ಲೇ ಉಳಿಯಿತು. ಕಾಯಿಲೆಯೂ ಇಲ್ಲದ, ಈಗಷ್ಟೇ ಯಾರನ್ನೂ ಕಳೆದುಕೊಳ್ಳದ ಸಾಮಾನ್ಯ ಮನುಷ್ಯ ತನ್ನ ಸಾವಿನ ಬಗ್ಗೆ ಎಲ್ಲಿ, ಯಾರೊಡನೆ ಮಾತನಾಡಬೇಕೆಂಬ ಪ್ರಶ್ನೆಗೆ ಅವುಗಳಲ್ಲಿ ಉತ್ತರವಿರಲಿಲ್ಲ. ಆ ಉತ್ತರಕ್ಕೆ ಬೇಕಾದ ಸಭಾರೂಪವನ್ನು ಬೇರೊಂದು ಪರಂಪರೆ ಒದಗಿಸಿತ್ತು. ಮಾರ್ಕ್ ಸೋತೆ ಎಂಬ ತತ್ತ್ವಶಾಸ್ತ್ರಜ್ಞ 1992ರಲ್ಲಿ ಪ್ಯಾರಿಸ್ಸಿನ ಬಸ್ತೀಯ್ ಚೌಕದ ಕೆಫೆಯೊಂದರಲ್ಲಿ ಆರಂಭಿಸಿದ ತತ್ತ್ವಚರ್ಚೆಯ ಕೂಟಗಳು ಫ್ರೆಂಚ್ ಭಾಷಿಕ ಪ್ರದೇಶಗಳಲ್ಲಿ ಜನಪ್ರಿಯವಾಗಿ, ಗಂಭೀರ ವಿಷಯವನ್ನು ವಿಶ್ವವಿದ್ಯಾಲಯದ ಹೊರಗೆ, ಕಾಫಿಯ ಮೇಜಿನ ಸುತ್ತ ಚರ್ಚಿಸುವ ರೂಢಿಯನ್ನು ಬೆಳೆಸಿದ್ದವು.

ಕೆಫೆ ಮೊರ್ಟೆಲ್

ಸಾವಿಗೆ ಸಂಬಂಧಿಸಿದ ಕೆಫೆ ಎಂಬ ಅರ್ಥದ ಕೆಫೆ ಮೊರ್ಟೆಲ್‌ನ ಪ್ರವರ್ತಕ ಬರ್ನಾರ್ ಕ್ರೆಟಾ ಸ್ವಿಟ್ಜರ್ಲೆಂಡಿನ ಸಮಾಜಶಾಸ್ತ್ರಜ್ಞ ಮತ್ತು ಜನಾಂಗಶಾಸ್ತ್ರಜ್ಞ. ಆಲ್ಪ್ಸ್ ಪರ್ವತಸೀಮೆಯ ವಾಲೇ ಪ್ರಾಂತದ ಆನಿವಿಯೆ ಕಣಿವೆಯಲ್ಲಿ 1938ರಲ್ಲಿ ಜನಿಸಿದ ಈತ ಜಿನೀವಾದ ಜನಾಂಗಶಾಸ್ತ್ರ ವಸ್ತುಸಂಗ್ರಹಾಲಯದಲ್ಲಿ ದೀರ್ಘಕಾಲ ಸಂಗ್ರಹಪಾಲಕನಾಗಿದ್ದ. ಪತ್ನಿ ಇವೊನ್ ಪ್ರೈಸ್‌ವೆರ್ಕ್ ಕೂಡ ಜನಾಂಗಶಾಸ್ತ್ರಜ್ಞೆಯಾಗಿದ್ದು, ದಂಪತಿ 1982ರಲ್ಲಿ ಫ್ರೆಂಚ್ ಭಾಷಿಕ ಸ್ವಿಟ್ಜರ್ಲೆಂಡಿಗಾಗಿ ಮರಣಾಧ್ಯಯನ ಸಂಘವೊಂದನ್ನು ಕಟ್ಟಿದರು.

ಈ ದಂಪತಿಯ ಅಧ್ಯಯನಕ್ಕೆ ಆನಿವಿಯೆ ಕಣಿವೆಯ ಮರಣಾಚರಣೆಗಳು ಮುಖ್ಯ ಆಕರವಾಗಿದ್ದವು. ಆ ಹಳ್ಳಿಗಳಲ್ಲಿ ಶವವನ್ನು ಮಣ್ಣು ಮಾಡಿ ಬಂದ ಮೇಲೆ ಊರವರೆಲ್ಲ ಕೂಡಿ ಉಣ್ಣುವ ಪದ್ಧತಿ ಇತ್ತು. ಅದಕ್ಕೆಂದೇ ಮನೆಯವರು ಚೀಸ್ ಎಂಬ ಗಿಣ್ಣಿನ ದೊಡ್ಡ ಬಿಲ್ಲೆಗಳನ್ನು ನೆಲಮಾಳಿಗೆಯಲ್ಲಿ ವರ್ಷಗಟ್ಟಲೆ, ಕೆಲವೊಮ್ಮೆ ದಶಕಗಟ್ಟಲೆ ಕಾಪಾಡಿಕೊಂಡು ಬರುತ್ತಿದ್ದರು. ತನ್ನ ಅಂತ್ಯಕ್ರಿಯೆಗೆ ಬಂದವರು ಕಲ್ಲಿನಂತೆ ಗಟ್ಟಿಯಾದ ಆ ಗಿಣ್ಣನ್ನು ದ್ರಾಕ್ಷಾರಸದೊಡನೆ ಹಂಚಿಕೊಂಡು ತಿನ್ನುವರೆಂಬುದು ಬದುಕಿರುವಾಗಲೇ ಪ್ರತಿಯೊಬ್ಬರಿಗೂ ಗೊತ್ತಿತ್ತು. ಪ್ರೈಸ್‌ವೆರ್ಕ್ 1983ರಲ್ಲಿ ಪ್ರಕಟಿಸಿದ ಗ್ರಂಥ ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟೆಂಟ್ ಸಮುದಾಯಗಳಲ್ಲಿನ ಈ ಸಾವಿನೂಟವನ್ನೇ ಕುರಿತದ್ದು. ಅಂತ್ಯಕ್ರಿಯೆಯ ಕಟ್ಟುನಿಟ್ಟು ಮುಗಿದು, ಊಟಕ್ಕೆ ಕುಳಿತವರು ಸತ್ತವರ ಗುಣದೋಷಗಳನ್ನು ಹೇಳುತ್ತ, ಅಳುತ್ತ ನಗುತ್ತ ಮತ್ತೆ ಬದುಕಿಗೆ ಮರಳುವ ಆ ಹೊತ್ತಿನ ಮಾತು ನಗರಜೀವನದಲ್ಲಿ ಇಲ್ಲವಾಗಿದೆ ಎಂಬುದು ಕ್ರೆಟಾನ ಆಲೋಚನೆಯ ತಿರುಳಾಗಿತ್ತು.

ಪ್ರೈಸ್‌ವೆರ್ಕ್ 1999ರಲ್ಲಿ ತೀರಿಕೊಂಡರು. ಅದೇ ವರ್ಷ ಜಿನೀವಾದಲ್ಲಿ ಸಾವನ್ನು ವಸ್ತುವಾಗಿ ಇಟ್ಟುಕೊಂಡ ಪ್ರದರ್ಶನವೊಂದು ಕ್ರೆಟಾನ ಹೊಣೆಯಲ್ಲಿ ನಡೆಯಿತು. ಐದು ವರ್ಷಗಳ ಬಳಿಕ, 2004ರಲ್ಲಿ, ನೋಶಾಟೆಲ್ ನಗರದ ರಂಗಮಂದಿರವೊಂದರ ಉಪಾಹಾರಗೃಹದಲ್ಲಿ ಆತ ಮೊದಲ ಕೆಫೆ ಮೊರ್ಟೆಲ್ ಏರ್ಪಡಿಸಿದ. ಸಾವನ್ನು ಸುತ್ತಿಕೊಂಡಿರುವ ಗುಟ್ಟು ಜನರ ಮೇಲೆ ದಬ್ಬಾಳಿಕೆ ನಡೆಸುತ್ತದೆ, ಆ ಗುಟ್ಟನ್ನು ಒಡೆಯುವುದಷ್ಟೇ ಕೂಟದ ಕೆಲಸ ಎಂಬುದು ಆತನ ನಿಲುವು. ಅದಕ್ಕೆ ತಕ್ಕಂತೆ ನಿಯಮಗಳೂ ಕೆಲವೇ ಆಗಿದ್ದವು: ಕೂಟ ನಡೆಯಬೇಕಾದದ್ದು ಜನ ಊಟ ತಿಂಡಿಗೆ ಬರುವ ಸಾಮಾನ್ಯ ಜಾಗದಲ್ಲಿ, ಪಂಡಿತರ ಭಾಷಣಕ್ಕೂ ಮತಪ್ರಚಾರಕ್ಕೂ ಅವಕಾಶವಿಲ್ಲ, ಒಬ್ಬರ ಅನುಭವವನ್ನು ಇನ್ನೊಬ್ಬರು ತೂಗಿ ನೋಡುವಂತಿಲ್ಲ, ಮಾತನಾಡಲು ಇಷ್ಟವಿಲ್ಲದವರು ಸುಮ್ಮನೆ ಕೂರಬಹುದು. ಮುಂದಿನ ವರ್ಷಗಳಲ್ಲಿ ಕ್ರೆಟಾ ಫ್ರೆಂಚ್ ಭಾಷಿಕ ಪ್ರದೇಶಗಳ ಹಲವು ಊರುಗಳಲ್ಲಿ ಇಂಥ ಕೂಟಗಳನ್ನು ತಾನೇ ನಡೆಸಿಕೊಟ್ಟು, ಅವುಗಳ ಅನುಭವವನ್ನು 2010ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಈತ 2022ರಲ್ಲಿ ನಿಧನನಾದ. ಕೆಫೆ ಮೊರ್ಟೆಲ್ ಬಹುಮಟ್ಟಿಗೆ ಕ್ರೆಟಾನ ವ್ಯಕ್ತಿತ್ವವನ್ನೇ ನೆಚ್ಚಿಕೊಂಡಿತ್ತು. ಸಭೆಯನ್ನು ಮಾತಿಗೆಳೆಯುವ ಅವನ ಕೌಶಲವಿಲ್ಲದೆ ಬೇರೆಯವರು ಅದನ್ನು ನಡೆಸಲು ಬೇಕಾದ ಕೈಪಿಡಿ ಆಗ ಇರಲಿಲ್ಲ.

ಲಂಡನ್ ಮಾದರಿ

ಆ ಕೊರತೆಯನ್ನು ತುಂಬಿದವನು ಜಾನ್ ಅಂಡರ್‌ವುಡ್. 1972ರಲ್ಲಿ ಇಂಗ್ಲೆಂಡಿನ ಚೆಸ್ಟರ್‌ನಲ್ಲಿ ಹುಟ್ಟಿದ, ಲಂಡನ್ನಿನ ಸ್ಥಳೀಯ ಆಡಳಿತದಲ್ಲಿ ಕೆಲಸ ಮಾಡಿದ್ದ, ಬೌದ್ಧ ಧರ್ಮದಲ್ಲಿ ನಿಷ್ಠೆಯಿದ್ದ ಈತ 2010ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಕೆಫೆ ಮೊರ್ಟೆಲ್ ಬಗೆಗಿನ ಪತ್ರಿಕಾ ಲೇಖನವೊಂದನ್ನು ಓದಿ, ಅಂಥದೇ ಕೂಟವನ್ನು ತನ್ನ ಊರಿನಲ್ಲಿ ನಡೆಸಲು ನಿರ್ಧರಿಸಿದ. 2011ರ ಸೆಪ್ಟೆಂಬರಿನಲ್ಲಿ ಪೂರ್ವ ಲಂಡನ್ನಿನ ಹ್ಯಾಕ್ನಿಯಲ್ಲಿದ್ದ ಅವನ ಮನೆಯಲ್ಲೇ ಮೊದಲ ಡೆತ್ ಕೆಫೆ ಸೇರಿತು. ಮನೋಚಿಕಿತ್ಸಕಿಯಾಗಿದ್ದ ತಾಯಿ ಸ್ಯೂ ಬಾರ್ಸ್ಕಿ ರೀಡ್ ಆ ಮಾತುಕತೆಯನ್ನು ನಡೆಸಿಕೊಟ್ಟರು.

ತಾಯಿ ಮಗ ಕೂಡಿ 2012ರ ಫೆಬ್ರವರಿಯಲ್ಲಿ, ಯಾರು ಬೇಕಾದರೂ ಡೆತ್ ಕೆಫೆ ನಡೆಸಲು ಅನುವಾಗುವಂತೆ ಒಂದು ಮಾರ್ಗದರ್ಶಿಯನ್ನು ಹೊರತಂದರು. ಮೂಲ ಸೂತ್ರಗಳನ್ನು ಒಪ್ಪಿಕೊಂಡವರೆಲ್ಲರೂ ಶುಲ್ಕವಿಲ್ಲದೆ ಆ ಹೆಸರನ್ನು ಬಳಸಬಹುದೆಂಬ ಈ ವ್ಯವಸ್ಥೆಯನ್ನು ಸಾಮಾಜಿಕ ಫ್ರಾಂಚೈಸಿ ಎಂದು ಕರೆಯಲಾಗುತ್ತದೆ. ವ್ಯಾಪಾರಿ ಸಂಸ್ಥೆಗಳು ಹಣ ಪಡೆದು ತಮ್ಮ ಹೆಸರನ್ನು ಬಳಸಲು ಕೊಡುವ ಪದ್ಧತಿಯ ಲಾಭರಹಿತ ರೂಪವಿದು. ಸೂತ್ರಗಳು ನಾಲ್ಕು. ಕೂಟವು ಲಾಭಕ್ಕಾಗಿ ನಡೆಯಕೂಡದು. ಎಲ್ಲರಿಗೂ ತೆರೆದಿರುವ, ಗೌರವವುಳ್ಳ, ಆಡಿದ ಮಾತು ಹೊರಗೆ ಹೋಗದ ವಾತಾವರಣವನ್ನು ಅದು ಒದಗಿಸಬೇಕು. ಬಂದವರನ್ನು ಯಾವುದೇ ತೀರ್ಮಾನದ ಕಡೆಗೆ, ಸರಕಿನ ಕಡೆಗೆ ಅಥವಾ ಕಾರ್ಯಕ್ರಮದ ಕಡೆಗೆ ಒಯ್ಯುವ ಉದ್ದೇಶ ಅದಕ್ಕಿರಕೂಡದು. ಕುಡಿಯಲು ತಿನ್ನಲು ಏನಾದರೂ ಇರಬೇಕು, ಮುಖ್ಯವಾಗಿ ಕೇಕ್ ಇರಬೇಕು. ಸೀಮಿತವಾದ ಆಯುಸ್ಸನ್ನು ಜನ ಚೆನ್ನಾಗಿ ಬಳಸಿಕೊಳ್ಳಲು ನೆರವಾಗುವಂತೆ ಸಾವಿನ ಅರಿವನ್ನು ಹೆಚ್ಚಿಸುವುದೇ ಇದರ ಘೋಷಿತ ಆಶಯ. ನಾಲ್ಕನೆಯ ಸೂತ್ರ ಲಘುವಾಗಿ ತೋರಿದರೂ ಕೂಟದ ಸ್ವರೂಪವನ್ನು ನಿರ್ಧರಿಸುವುದರಲ್ಲಿ ಅದರ ಪಾಲು ದೊಡ್ಡದು: ಕೈಯಲ್ಲಿ ಬಟ್ಟಲು, ಮುಂದೆ ತಟ್ಟೆ ಇರುವಾಗ ಸಭೆಯು ಆಸ್ಪತ್ರೆಯ ಸಮಾಲೋಚನೆಯ ಬಿಗಿಯನ್ನು ಕಳಚಿಕೊಂಡು ಆತಿಥ್ಯದ ಸಲಿಗೆಯನ್ನು ಪಡೆಯುತ್ತದೆ, ಮಾತು ನಿಂತ ಕ್ಷಣಗಳು ಮುಜುಗರ ತರುವುದಿಲ್ಲ.

ಲಂಡನ್ನಿನಲ್ಲಿ ಸಮುದಾಯದ ಒಡೆತನದ ಶಾಶ್ವತ ಡೆತ್ ಕೆಫೆಯೊಂದನ್ನು ತೆರೆಯಬೇಕೆಂಬ ಅಂಡರ್‌ವುಡ್‌ನ ಯೋಜನೆ ಕೈಗೂಡಲಿಲ್ಲ. 2017ರ ಜೂನ್ 27ರಂದು, ಪತ್ತೆಯಾಗದೆ ಉಳಿದಿದ್ದ ರಕ್ತದ ಕ್ಯಾನ್ಸರಿನಿಂದ ಉಂಟಾದ ಮಿದುಳಿನ ರಕ್ತಸ್ರಾವಕ್ಕೆ ತುತ್ತಾಗಿ ಆತ 44ನೆಯ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡ. ಆನಂತರ ತಾಯಿ ಸ್ಯೂ ಬಾರ್ಸ್ಕಿ ರೀಡ್ ಮತ್ತು ಸಹೋದರಿ ಜೂಲ್ಸ್ ಬಾರ್ಸ್ಕಿ ಆ ಕೆಲಸವನ್ನು ಮುಂದುವರಿಸಿದರು.

ಕೂಟ ನಡೆಯುವ ಬಗೆ

ಸಾಮಾನ್ಯವಾಗಿ ಒಂದು ಡೆತ್ ಕೆಫೆಗೆ ಹತ್ತರಿಂದ ಮೂವತ್ತು ಜನ ಬರುತ್ತಾರೆ. ಸಂಖ್ಯೆ ಹೆಚ್ಚಿದ್ದರೆ ನಾಲ್ಕಾರು ಜನರ ಗುಂಪುಗಳಾಗಿ ಮೇಜುಗಳ ಸುತ್ತ ಕೂರುತ್ತಾರೆ. ನಡೆಸಿಕೊಡುವವರನ್ನು ನಿರ್ವಾಹಕರು ಎನ್ನಬಹುದು. ಅವರು ಹಾಸ್ಪಿಸ್ ದಾದಿ, ಪಾದ್ರಿ, ಸಮಾಜ ಕಾರ್ಯಕರ್ತೆ, ಅಂತ್ಯಸಂಸ್ಕಾರ ನಡೆಸುವ ವೃತ್ತಿಯವರು, ಗ್ರಂಥಪಾಲಕರು ಅಥವಾ ಆಸಕ್ತಿಯುಳ್ಳ ನೆರೆಮನೆಯವರು ಯಾರಾದರೂ ಆಗಿರಬಹುದಾದರೂ, ಕೂಟದಲ್ಲಿ ಅವರಿಗೆ ಪರಿಣತರ ಸ್ಥಾನವಿಲ್ಲ. ಸೂತ್ರಗಳನ್ನು ಮೊದಲಿಗೆ ತಿಳಿಸುವುದು, ಒಬ್ಬರೇ ಮಾತನ್ನು ಆಕ್ರಮಿಸದಂತೆ ನೋಡಿಕೊಳ್ಳುವುದು, ಉಪದೇಶ ಅಥವಾ ಮಾರಾಟದ ದನಿ ಕೇಳಿಬಂದಾಗ ಮೆಲ್ಲಗೆ ತಡೆಯುವುದು, ಹೊತ್ತಿಗೆ ಸರಿಯಾಗಿ ಮುಗಿಸುವುದು ಅವರ ಕೆಲಸ. ಬಂದವರು ತಮ್ಮ ಹೆಸರನ್ನೂ ಬಂದ ಕಾರಣವನ್ನೂ ಹೇಳಿಕೊಳ್ಳುವುದರಿಂದ ಮಾತು ಆರಂಭವಾಗುತ್ತದೆ. ಅಲ್ಲಿಂದ ಮುಂದೆ ಅದು ಹರಿದ ಕಡೆ ಹರಿಯುತ್ತದೆ.

ಚರ್ಚೆಗೆ ಬರುವ ವಿಷಯಗಳಲ್ಲಿ ವೈವಿಧ್ಯವಿದ್ದರೂ ಕೆಲವು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ: ಸಾವಿನ ಭಯ ಹೆಚ್ಚೋ ಸಾಯುವಾಗಿನ ನೋವಿನ ಭಯ ಹೆಚ್ಚೋ ಎಂಬುದು, ಹೆತ್ತವರ ಕೊನೆಯ ದಿನಗಳಲ್ಲಿ ಆಡದೆ ಉಳಿದ ಮಾತು, ಹೂಳುವುದು, ಸುಡುವುದು, ದೇಹದಾನ ಇವುಗಳ ಆಯ್ಕೆ, ಕೃತಕ ಉಸಿರಾಟದ ಯಂತ್ರವನ್ನು ಎಲ್ಲಿಯವರೆಗೆ ಬಳಸಬೇಕೆಂಬುದು, ದಯಾಮರಣ, ಮಕ್ಕಳಿಗೆ ಸಾವನ್ನು ಹೇಗೆ ತಿಳಿಸಬೇಕೆಂಬುದು, ಸತ್ತ ಮೇಲೆ ಏನು ಎಂಬ ಅನಾದಿ ಪ್ರಶ್ನೆ. ಆಸ್ತಿಕರೂ ನಾಸ್ತಿಕರೂ ಒಂದೇ ಮೇಜಿಗೆ ಕೂರುತ್ತಾರಾದರೂ ವಾದ ಗೆಲ್ಲುವ ಅಗತ್ಯ ಯಾರಿಗೂ ಇರುವುದಿಲ್ಲ. ನಗು ಇಲ್ಲಿ ಅಪರೂಪವೇನಲ್ಲ.

ಬಂದವರು ಅಪರಿಚಿತರಾಗಿರುವುದು ಈ ಕೂಟಕ್ಕೆ ಅಡ್ಡಿಯಾಗದೆ ಅನುಕೂಲವೇ ಆಗುತ್ತದೆ. ಮನೆಯವರ ಎದುರಿಗೆ ಸಾವಿನ ಮಾತೆತ್ತಿದರೆ ಅದು ಕಾಯಿಲೆಯ ಸುಳಿವಾಗಿಯೋ, ಆಸ್ತಿಯ ವಿಚಾರವಾಗಿಯೋ, ಬದುಕು ಬೇಸರವಾಗಿದೆ ಎಂಬ ಸೂಚನೆಯಾಗಿಯೋ ಕೇಳಿಸುವ ಸಂಭವವಿದ್ದು, ಮಾತನಾಡುವವರು ಕೇಳುವವರ ಮನಸ್ಸನ್ನು ಕಾಯುವ ಭಾರದಲ್ಲೇ ಬಾಯಿ ಮುಚ್ಚುತ್ತಾರೆ. ನಾಳೆ ಮತ್ತೆ ಸಿಗಬೇಕಾಗಿಲ್ಲದವರ ನಡುವೆ ಆ ಭಾರವಿರುವುದಿಲ್ಲ. ಆಡಿದ ಮಾತನ್ನು ಹೊರಗೆ ಒಯ್ಯಬಾರದೆಂಬ ನಿಯಮ ಈ ನಿರಾಳತೆಯನ್ನು ಕಾಪಾಡುತ್ತದೆ.

ಡೆತ್ ಕೆಫೆ ದುಃಖಶಮನದ ಗುಂಪಾಗಲಿ ಆಪ್ತಸಮಾಲೋಚನೆಯಾಗಲಿ ಅಲ್ಲವೆಂಬುದನ್ನು ಮಾರ್ಗದರ್ಶಿ ಒತ್ತಿ ಹೇಳುತ್ತದೆ. ದುಃಖಶಮನದ ಗುಂಪುಗಳಲ್ಲಿ ಒಂದೇ ಬಗೆಯ ನಷ್ಟ ಅನುಭವಿಸಿದವರು ನಿಯತವಾಗಿ ಸೇರುತ್ತಾರೆ ಮತ್ತು ಅವರ ಸ್ಥಿತಿ ಸುಧಾರಿಸಬೇಕೆಂಬ ಗುರಿ ಇರುತ್ತದೆ. ಡೆತ್ ಕೆಫೆಗೆ ಒಮ್ಮೆ ಬಂದವರು ಮತ್ತೆ ಬರಬೇಕೆಂದಿಲ್ಲ. ಇತ್ತೀಚೆಗೆ ಆಪ್ತರನ್ನು ಕಳೆದುಕೊಂಡು ತೀವ್ರ ಸಂಕಟದಲ್ಲಿರುವವರಿಗೆ ಅಥವಾ ಆತ್ಮಹತ್ಯೆಯ ಯೋಚನೆಯಿಂದ ಬಳಲುತ್ತಿರುವವರಿಗೆ ಈ ಕೂಟ ತಕ್ಕುದಲ್ಲವಾದ್ದರಿಂದ, ಅಂಥವರನ್ನು ಸೂಕ್ತ ನೆರವಿನ ಕಡೆಗೆ ಕಳಿಸಲು ನಿರ್ವಾಹಕರು ಸಿದ್ಧರಿರಬೇಕಾಗುತ್ತದೆ.

ಪ್ರಸಾರ

ಅಮೆರಿಕದ ಮೊದಲ ಡೆತ್ ಕೆಫೆಯನ್ನು ಹಾಸ್ಪಿಸ್ ಸಮಾಜ ಕಾರ್ಯಕರ್ತೆ ಲಿಜ್ಜಿ ಮೈಲ್ಸ್ 2012ರ ಜುಲೈನಲ್ಲಿ ಒಹಾಯೊ ರಾಜ್ಯದ ಕೊಲಂಬಸ್ ಪ್ರದೇಶದಲ್ಲಿ ನಡೆಸಿದರು. ಅದರ ಬೆನ್ನಿಗೇ ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲೂ, ಬಳಿಕ ಇಟಲಿ, ಜಪಾನ್, ಭಾರತ ಮುಂತಾದ ದೇಶಗಳಲ್ಲೂ ಕೂಟಗಳು ಸೇರತೊಡಗಿದವು. ಅಂಡರ್‌ವುಡ್ ತೀರಿಕೊಳ್ಳುವ ಹೊತ್ತಿಗೆ ಸುಮಾರು ಐವತ್ತು ದೇಶಗಳನ್ನು ಮುಟ್ಟಿದ್ದ ಈ ಮಾದರಿಯಲ್ಲಿ ಇದುವರೆಗೆ ನಡೆದ ಕೂಟಗಳ ಸಂಖ್ಯೆ 15,000ವನ್ನು ಮೀರಿದೆ. ಕಚೇರಿ, ಸಿಬ್ಬಂದಿ, ದೊಡ್ಡ ಧನಸಹಾಯ ಯಾವುದೂ ಇಲ್ಲದೆ ಇಷ್ಟು ಹರಡಲು ಅದರ ಅಗ್ಗದ ರಚನೆಯೂ ಕಾರಣ: ಒಂದು ಜಾಗ, ಒಂದಷ್ಟು ತಿಂಡಿ, ಸೂತ್ರಗಳನ್ನು ಓದಿಕೊಂಡ ಒಬ್ಬರು ಇದ್ದರೆ ಸಾಕು. ಕೋವಿಡ್ ಮಹಾಮಾರಿಯಿಂದಾಗಿ 2020ರಲ್ಲಿ ಜನ ಸೇರುವುದು ನಿಂತಾಗ ಕೂಟಗಳು ವಿಡಿಯೊ ಕರೆಗಳ ಮೂಲಕ ಮುಂದುವರಿದವು. ಮುಖಾಮುಖಿಯ ಸಾಮೀಪ್ಯ ಮತ್ತು ಹಂಚಿ ತಿನ್ನುವ ಆತಿಥ್ಯ ಇದರಿಂದ ಕಡಿಮೆಯಾದರೂ, ಮನೆಬಿಟ್ಟು ಹೊರಡಲಾಗದ ರೋಗಿಗಳಿಗೂ ದೂರದ ಊರಿನವರಿಗೂ ಭಾಗವಹಿಸುವ ದಾರಿ ತೆರೆಯಿತು.

ಸಮೀಪದ ಪ್ರಯೋಗಗಳು

ಇದೇ ಕಾಲದಲ್ಲಿ ಹುಟ್ಟಿದ ಇತರ ಪ್ರಯತ್ನಗಳೊಡನೆ ಹೋಲಿಸಿದಾಗ ಡೆತ್ ಕೆಫೆಯ ವೈಶಿಷ್ಟ್ಯ ಸ್ಪಷ್ಟವಾಗುತ್ತದೆ. ಇಂಗ್ಲೆಂಡಿನಲ್ಲಿ 2009ರಲ್ಲಿ ಉಪಶಮನ ಆರೈಕೆಯ ರಾಷ್ಟ್ರೀಯ ಮಂಡಳಿ ಕಟ್ಟಿದ ಡೈಯಿಂಗ್ ಮ್ಯಾಟರ್ಸ್ ಒಕ್ಕೂಟ ಪ್ರತಿವರ್ಷ ಮೇ ತಿಂಗಳಲ್ಲಿ ಜಾಗೃತಿ ಸಪ್ತಾಹ ನಡೆಸಿ, ಉಯಿಲು, ಅಂತ್ಯಕ್ರಿಯೆ, ಆರೈಕೆಗಳ ಯೋಜನೆಯನ್ನು ಮೊದಲೇ ಮಾಡಿಕೊಳ್ಳುವಂತೆ ಜನರನ್ನು ಪ್ರೇರೇಪಿಸುತ್ತದೆ. ಅಮೆರಿಕದಲ್ಲಿ ಪತ್ರಕರ್ತೆ ಎಲೆನ್ ಗುಡ್‌ಮನ್ ಆರಂಭಿಸಿದ ಕಾನ್ವರ್ಸೇಶನ್ ಪ್ರಾಜೆಕ್ಟ್, ಕೊನೆಗಾಲದ ಆರೈಕೆಯ ಬಗ್ಗೆ ತಮ್ಮ ಇಚ್ಛೆಯನ್ನು ಮನೆಯವರಿಗೆ ತಿಳಿಸಲು ನೆರವಾಗುವ ಪ್ರಶ್ನಾವಳಿಗಳನ್ನು ಒದಗಿಸುತ್ತದೆ. ಮೈಕಲ್ ಹೆಬ್ 2013ರಲ್ಲಿ ಆರಂಭಿಸಿದ ಡೆತ್ ಓವರ್ ಡಿನ್ನರ್ ಗೆಳೆಯರನ್ನೂ ಬಂಧುಗಳನ್ನೂ ಊಟಕ್ಕೆ ಕರೆದು ಈ ವಿಷಯ ಮಾತನಾಡುವ ಯೋಜನೆ. ಅಂತ್ಯಸಂಸ್ಕಾರ ವೃತ್ತಿಯಲ್ಲಿದ್ದ ಲೇಖಕಿ ಕೇಟ್ಲಿನ್ ಡೌಟಿ 2011ರಲ್ಲಿ ಸ್ಥಾಪಿಸಿದ ಬಳಗ ಶವಸಂಸ್ಕಾರದ ವಿಧಾನಗಳ ಸುಧಾರಣೆಯನ್ನು ಬೇಡುತ್ತದೆ. ಜಪಾನಿನಲ್ಲಿ ವೃದ್ಧರು ತಮ್ಮ ಅಂತ್ಯಕ್ಕೆ ಬೇಕಾದ ಏರ್ಪಾಡುಗಳನ್ನು ತಾವೇ ಮಾಡಿಕೊಳ್ಳುವ ಷೂಕಟ್ಸು ಎಂಬ ರೂಢಿ, ದಕ್ಷಿಣ ಕೊರಿಯಾದಲ್ಲಿ ಬದುಕಿರುವವರೇ ಶವಪೆಟ್ಟಿಗೆಯಲ್ಲಿ ಮಲಗಿ ತಮ್ಮ ಅಂತ್ಯಕ್ರಿಯೆಯನ್ನು ಕಲ್ಪಿಸಿಕೊಳ್ಳುವ ಕಾರ್ಯಕ್ರಮಗಳು ಬೆಳೆದಿವೆ. ಇವೆಲ್ಲವುಗಳಲ್ಲಿ ಮಾತು ಅಥವಾ ಅನುಭವ ಇನ್ನೊಂದು ಫಲಕ್ಕೆ ಸಾಧನವಾಗಿದೆ. ಡೆತ್ ಕೆಫೆಯಲ್ಲಿ ಮಾತಿನಾಚೆಗೆ ಯಾವ ಫಲವನ್ನೂ ನಿರೀಕ್ಷಿಸುವುದಿಲ್ಲ.

ಅಧ್ಯಯನ ಮತ್ತು ವಿಮರ್ಶೆ

ಡೆತ್ ಕೆಫೆಯ ಬಗ್ಗೆ ಶಾಸ್ತ್ರೀಯ ಬರವಣಿಗೆ 2010ರ ದಶಕದ ಉತ್ತರಾರ್ಧದಿಂದ ಹೆಚ್ಚಿತು. ಲಿಜ್ಜಿ ಮೈಲ್ಸ್ ಮತ್ತು ಮರಣಶಿಕ್ಷಣದ ವಿದ್ವಾಂಸ ಚಾರ್ಲ್ಸ್ ಕಾರ್ 2017ರಲ್ಲಿ ಇದರ ಸ್ವರೂಪವನ್ನು ವಿವರಿಸಿದರು. ಗ್ಲಾಸ್ಗೋ ವಿಶ್ವವಿದ್ಯಾಲಯದ ಸಂಶೋಧಕರು 34 ದೇಶಗಳ 49 ಸಂಘಟಕರನ್ನು ಸಂದರ್ಶಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನ, ಇಂಗ್ಲೆಂಡಿನಲ್ಲಿ ರೂಪುಗೊಂಡ ಚೌಕಟ್ಟಿಗೂ ಆಯಾ ನಾಡಿನ ಅಗತ್ಯಗಳಿಗೂ ನಡುವಿನ ಎಳೆದಾಟವನ್ನು ಪರಿಶೀಲಿಸಿತು. ತೀವ್ರ ನಿಗಾ ಘಟಕಗಳಲ್ಲಿ ದಿನವೂ ಸಾವು ಕಾಣುವ ವೈದ್ಯರು ಮತ್ತು ದಾದಿಯರ ಬಳಲಿಕೆಯನ್ನು ಇಂಥ ಮಾತುಕತೆ ತಗ್ಗಿಸಬಲ್ಲದೇ ಎಂಬ ಪ್ರಯೋಗಗಳೂ ಅಮೆರಿಕದ ಆಸ್ಪತ್ರೆಗಳಲ್ಲಿ ನಡೆದಿವೆ. ಆದರೆ ಕೂಟದ ಪರಿಣಾಮವನ್ನು ಅಳೆಯುವುದು ಸುಲಭವಲ್ಲ: ಗುರಿಯನ್ನೇ ನಿರಾಕರಿಸುವ ಸಭೆ ಸಫಲವಾಯಿತೇ ಎಂದು ಹೇಳಲು ಬೇಕಾದ ಅಳತೆಗೋಲನ್ನು ಹೊರಗಿನಿಂದ ತರಬೇಕಾಗುತ್ತದೆ, ಹಾಗೆ ತಂದೊಡನೆ ಕೂಟದ ಸ್ವಭಾವ ಬದಲಾಗುತ್ತದೆ. ಆರೋಗ್ಯ ಇಲಾಖೆಗಳು ಡೆತ್ ಕೆಫೆಯನ್ನು ಆರೈಕೆಯ ಯೋಜನೆಗೆ ಮೆಟ್ಟಿಲಾಗಿ ಬಳಸಲು ಹೊರಟಾಗಲೆಲ್ಲ ಈ ತೊಡಕು ಎದುರಾಗುತ್ತದೆ.

ವಿಮರ್ಶೆ ಮುಖ್ಯವಾಗಿ ಮೂರು ಬಗೆಯದು. ಮೊದಲನೆಯದು ಕೂಟದ ಬುಡದಲ್ಲಿರುವ ನಂಬಿಕೆಯನ್ನೇ ಪ್ರಶ್ನಿಸುತ್ತದೆ. ಆಧುನಿಕ ಸಮಾಜ ಸಾವನ್ನು ಅಲ್ಲಗಳೆಯುತ್ತದೆ ಎಂಬ ಮಾತನ್ನು ಸಮಾಜಶಾಸ್ತ್ರಜ್ಞ ಆಲನ್ ಕೆಲೆಹಿಯರ್ 1984ರಷ್ಟು ಹಿಂದೆಯೇ ಶಂಕಿಸಿದ್ದರು. ಇನ್ನೊಬ್ಬ ಸಮಾಜಶಾಸ್ತ್ರಜ್ಞ ಟೋನಿ ವಾಲ್ಟರ್ 1994ರ ಕೃತಿಯಲ್ಲಿ ಸಾವಿನ ಮಾತು ಹೊಸ ರೂಪದಲ್ಲಿ ಮರಳಿ ಬಂದಿರುವುದನ್ನು ವಿವರಿಸಿದರು. ಎರಡನೆಯದು ಮಾತಿಗೆ ಕೊಟ್ಟಿರುವ ಪ್ರಾಶಸ್ತ್ಯವನ್ನು ಕುರಿತದ್ದು. ಅಮೆರಿಕದ ಸಮಾಜಶಾಸ್ತ್ರಜ್ಞೆ ಲಿನ್ ಲೋಫ್ಲೆಂಡ್ 1978ರಲ್ಲೇ, ಸಾವಿನ ಬಗ್ಗೆ ಬಾಯಿಬಿಟ್ಟು ಹೇಳಿಕೊಳ್ಳುವುದೇ ಆರೋಗ್ಯಕರ ಎಂದು ಸಾರುವ ಚಳವಳಿ ತನ್ನದೇ ಆದ ಹೊಸ ಕಟ್ಟುಪಾಡನ್ನು ಸೃಷ್ಟಿಸಬಹುದೆಂದು ತೋರಿಸಿದ್ದರು. ಮೌನವಾಗಿ, ಕೆಲಸದ ಮೂಲಕ ಅಥವಾ ಆಚರಣೆಯ ಮೂಲಕ ಸಾವನ್ನು ಎದುರಿಸುವವರನ್ನು ಹಿಂದುಳಿದವರೆಂದು ಕಾಣುವ ಅಪಾಯ ಅದರಲ್ಲಿದೆ. ಮೂರನೆಯದು ಭಾಗವಹಿಸುವವರನ್ನು ಕುರಿತದ್ದು: ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಬರುವವರಲ್ಲಿ ಹೆಚ್ಚಿನವರು ನಡುವಯಸ್ಸು ದಾಟಿದ, ಓದಿಕೊಂಡ, ಬಿಳಿಯ ಮಹಿಳೆಯರಾಗಿದ್ದು, ಬಡವರು, ಗಂಡಸರು, ಅಲ್ಪಸಂಖ್ಯಾತರು ಕಡಿಮೆ. ಬಾಗಿಲು ಎಲ್ಲರಿಗೂ ತೆರೆದಿದ್ದರೂ, ಯಾರನ್ನೂ ಹುಡುಕಿಕೊಂಡು ಹೋಗದ ಕೂಟಕ್ಕೆ ಈಗಾಗಲೇ ಮಾತನಾಡಲು ಸಿದ್ಧರಿರುವವರೇ ಬರುತ್ತಾರೆ.

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ಡೆತ್ ಕೆಫೆಗಳು ಬೆಂಗಳೂರು ಸೇರಿದಂತೆ ಕೆಲವು ಮಹಾನಗರಗಳಲ್ಲಿ ಸೇರಿವೆ. ಅವು ಬಹುಮಟ್ಟಿಗೆ ಇಂಗ್ಲಿಷ್ ಬಲ್ಲ ನಗರವಾಸಿಗಳ ಕೂಟಗಳಾಗಿವೆ. ಯೂರೋಪಿನಲ್ಲಿ ಈ ಕೂಟಗಳಿಗೆ ಕಾರಣವಾದ ಸನ್ನಿವೇಶ ಇಲ್ಲಿ ಅದೇ ರೂಪದಲ್ಲಿಲ್ಲ. ಕರ್ನಾಟಕದ ಬಹುತೇಕ ಸಮುದಾಯಗಳಲ್ಲಿ ಸಾವು ಈಗಲೂ ಊರಿನ ವಿಷಯವೇ ಆಗಿದೆ: ಶವದ ಮುಂದೆ ರಾತ್ರಿಯಿಡೀ ನಡೆಯುವ ಭಜನೆ ಮತ್ತು ತತ್ತ್ವಪದಗಳ ಹಾಡುಗಾರಿಕೆ, ಸೂತಕದ ದಿನಗಳ ಕಟ್ಟಳೆ, ತಿಥಿಯ ಊಟ ಇವೆಲ್ಲ ಬಂಧುಬಳಗವನ್ನು ಒಂದೆಡೆ ಸೇರಿಸುತ್ತವೆ. ಶ್ರವಣಬೆಳಗೊಳದ ಚಂದ್ರಗಿರಿಯ ಮೇಲೆ ಸುಮಾರು ಏಳನೆಯ ಶತಮಾನದಿಂದಲೂ ಕಾಣಸಿಗುವ ಶಾಸನಗಳು, ಆಹಾರವನ್ನು ಕ್ರಮವಾಗಿ ತ್ಯಜಿಸಿ ಸಾವನ್ನು ಬರಮಾಡಿಕೊಳ್ಳುವ ಜೈನರ ಸಲ್ಲೇಖನ ವ್ರತವನ್ನು ಹೆಸರು ಹಿಡಿದು ದಾಖಲಿಸುತ್ತವೆ. ಸಾಯುವಿಕೆ ಅಲ್ಲಿ ಸಮುದಾಯದ ಸಾಕ್ಷಿಯಲ್ಲಿ ನಡೆಯುವ ಸಾಧನೆಯಾಗಿತ್ತು.

ಆದರೆ ಈ ಆಚರಣೆಗಳಲ್ಲಿ ಬಹುಪಾಲು ಸಾವು ಸಂಭವಿಸಿದ ಮೇಲೆ ಆರಂಭವಾಗುವಂಥವು. ಬದುಕಿರುವವರು ತಮ್ಮ ಸಾವಿನ ಬಗ್ಗೆ ಮಾತೆತ್ತಿದರೆ ಅಪಶಕುನ ನುಡಿಯಬೇಡ, ಬಿಡ್ತು ಅನ್ನು ಎಂದು ಗದರಿಸುವ ರೂಢಿ ಇದೇ ಸಮಾಜದಲ್ಲಿದೆ. ಕ್ಯಾನ್ಸರಿನಂಥ ಕಾಯಿಲೆ ಕೊನೆಯ ಹಂತ ತಲುಪಿರುವುದನ್ನು ವೈದ್ಯರು ಮನೆಯವರಿಗೆ ತಿಳಿಸಿ, ಮನೆಯವರು ರೋಗಿಯಿಂದ ಮುಚ್ಚಿಟ್ಟು, ರೋಗಿ ಊಹಿಸಿಯೂ ಊಹಿಸದಂತೆ ನಟಿಸುವ ಸ್ಥಿತಿಯನ್ನು ಉಪಶಮನ ಆರೈಕೆಯ ವೈದ್ಯರು ನಿತ್ಯವೂ ಎದುರಿಸುತ್ತಾರೆ. ಆದುದರಿಂದ ಇಲ್ಲಿ ಇಲ್ಲದಿರುವುದು ಸಾವಿನ ಆಚರಣೆಯಲ್ಲ, ಸಾವಿಗೆ ಮುಂಚಿನ ಮಾತು.

ಈ ಕೊರತೆಗೆ ಕಾನೂನಿನ ಮಹತ್ವವೂ ಸೇರಿಕೊಂಡಿದೆ. ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2018ರ ಮಾರ್ಚ್ 9ರಂದು ಘನತೆಯಿಂದ ಸಾಯುವ ಹಕ್ಕನ್ನು ಎತ್ತಿಹಿಡಿದು, ವೈದ್ಯಕೀಯ ಮುಂಗಡ ನಿರ್ದೇಶನಕ್ಕೆ, ಅಂದರೆ ತನಗೆ ಮಾತನಾಡುವ ಶಕ್ತಿ ಹೋದಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದನ್ನು ಮೊದಲೇ ಬರೆದಿಡುವ ಪತ್ರಕ್ಕೆ ಮಾನ್ಯತೆ ನೀಡಿತು; 2023ರ ಜನವರಿಯಲ್ಲಿ ಅದರ ವಿಧಾನವನ್ನು ಸರಳಗೊಳಿಸಿ, ಮ್ಯಾಜಿಸ್ಟ್ರೇಟರ ಬದಲು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕೆಂದಿತು. ಕರ್ನಾಟಕ ಸರ್ಕಾರದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಈ ತೀರ್ಪನ್ನು ಆಸ್ಪತ್ರೆಗಳಲ್ಲಿ ಜಾರಿಗೊಳಿಸುವ ಸುತ್ತೋಲೆ ಹೊರಡಿಸಿತು. ಆದರೆ ಇಂಥ ಪತ್ರ ಬರೆಯಲು ಮನುಷ್ಯ ತನ್ನ ಸಾವನ್ನು ಮೊದಲು ಮನಸ್ಸಿನಲ್ಲಿ, ಆಮೇಲೆ ಮಾತಿನಲ್ಲಿ ಎದುರುಗೊಳ್ಳಬೇಕಾಗುತ್ತದೆ; ಕಾನೂನು ಹಕ್ಕನ್ನು ಕೊಡಬಲ್ಲದೇ ಹೊರತು ಆ ಮಾತನ್ನು ಆಡಿಸಲಾರದು.

ಭಾರತದಲ್ಲಿ ಆ ಮಾತಿಗೆ ಹೆಚ್ಚು ಅವಕಾಶ ಒದಗಿಸಿರುವುದು ಆರೈಕೆಯ ಸಂಸ್ಥೆಗಳು. 1994ರಲ್ಲಿ ಸ್ಥಾಪನೆಯಾದ ಬೆಂಗಳೂರು ಹಾಸ್ಪಿಸ್ ಟ್ರಸ್ಟಿನ ಆರೈಕೆಮನೆ ಕರುಣಾಶ್ರಯ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳಿಗೆ ಉಚಿತ ಆರೈಕೆ ನೀಡುತ್ತ ಬಂದಿದೆ. ಕೇರಳದಲ್ಲಿ 1993ರಲ್ಲಿ ಕೋಯಿಕ್ಕೋಡಿನಲ್ಲಿ ಎಂ. ಆರ್. ರಾಜಗೋಪಾಲ್, ಸುರೇಶ್ ಕುಮಾರ್ ಮೊದಲಾದವರಿಂದ ಆರಂಭವಾದ ಉಪಶಮನ ಆರೈಕೆಯ ಕಾರ್ಯ, ತರಬೇತಿ ಪಡೆದ ನೆರೆಹೊರೆಯ ಸ್ವಯಂಸೇವಕರು ರೋಗಿಗಳ ಮನೆಗೆ ಹೋಗಿ ನೋಡಿಕೊಳ್ಳುವ ಸಮುದಾಯ ಜಾಲವಾಗಿ ಬೆಳೆಯಿತು. ಕೇರಳ ಸರ್ಕಾರ 2008ರಲ್ಲಿ ಅದಕ್ಕಾಗಿ ನೀತಿಯನ್ನೇ ರೂಪಿಸಿತು. ಸಾವಿನ ಮೌಲ್ಯವನ್ನು ಕುರಿತು 2022ರಲ್ಲಿ ವರದಿ ನೀಡಿದ, ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ, ಸಾವನ್ನು ಮತ್ತೆ ಸಮುದಾಯದ ಕೈಗೆ ತರುವ ಬಗೆಗೆ ಕೇರಳವನ್ನು ಉದಾಹರಣೆಯಾಗಿ ಎತ್ತಿ ತೋರಿಸಿತು. ಈ ಜಾಲದಲ್ಲಿ ಮಾತು ಆರೈಕೆಯ ಕೆಲಸದೊಳಗೇ ಹುಟ್ಟುತ್ತದೆ; ಮಾತಿಗೆಂದೇ ಬೇರೆ ಸಭೆ ಕರೆಯಬೇಕಾಗಿಲ್ಲ.

ಸ್ಥಾನ

ಡೆತ್ ಕೆಫೆ ಆರೈಕೆಯನ್ನೂ ಆಚರಣೆಯನ್ನೂ ಕಾನೂನಿನ ನೆರವನ್ನೂ ಕೊಡುವುದಿಲ್ಲ. ಕೊಡುವುದಾಗಿ ಹೇಳಿಕೊಳ್ಳುವುದೂ ಇಲ್ಲ. ಇವೆಲ್ಲಕ್ಕೂ ಮೊದಲು ಬರಬೇಕಾದ ಮಾತಿಗೆ ರೋಗ, ಆಸ್ತಿ, ಮತಗಳ ಒತ್ತಡವಿಲ್ಲದ ಒಂದು ಜಾಗವನ್ನು ಅದು ಕಲ್ಪಿಸುತ್ತದೆ. ಆನಿವಿಯೆ ಕಣಿವೆಯ ಸಾವಿನೂಟ ಊರವರನ್ನೆಲ್ಲ ಒಳಗೊಳ್ಳುತ್ತಿದ್ದರೆ, ನಗರದ ಡೆತ್ ಕೆಫೆ ಆಯ್ದು ಬಂದವರಿಗಷ್ಟೇ ಸೀಮಿತವಾಗಿದೆ. ಊಟದಲ್ಲಿ ಸತ್ತವರ ಮಾತು ನಡೆಯುತ್ತಿದ್ದರೆ, ಕೆಫೆಯಲ್ಲಿ ಸಾಯಲಿರುವವರು ತಮ್ಮದೇ ಮಾತಾಡುತ್ತಾರೆ. ಕನ್ನಡದಂಥ ಭಾಷೆಗಳಲ್ಲಿ ಇಂಥ ಕೂಟಗಳು ಬೇರೂರಬೇಕಾದರೆ ಕೇಕು ಮತ್ತು ಕಾಫಿಯ ನಗರ ರೂಪಕ್ಕಿಂತ, ಭಜನೆಯ ಮಂಡಲಿ, ಮಹಿಳಾ ಸಂಘ, ಗ್ರಂಥಾಲಯ, ಪ್ರಾಥಮಿಕ ಆರೋಗ್ಯ ಕೇಂದ್ರಗಳಂಥ ಈಗಾಗಲೇ ಜನ ಸೇರುವ ಜಾಗಗಳು ಹೆಚ್ಚು ಅನುಕೂಲವಾದಾವು. ನಿರ್ಣಯಕ್ಕೆ ಆತುರಪಡದೆ ಕೇಳಿಸಿಕೊಳ್ಳಬೇಕೆಂಬ ಮೂಲ ಸೂತ್ರಕ್ಕೆ ಇದರಿಂದ ಚ್ಯುತಿ ಬರಬೇಕಾಗಿಲ್ಲ. ಕ್ರೆಟಾ ಮತ್ತು ಅಂಡರ್‌ವುಡ್ ರೂಪಿಸಿದ ಈ ಪದ್ಧತಿಯಲ್ಲಿ ಬೇರೆ ನಾಡುಗಳಿಗೆ ಒಯ್ಯಲು ಯೋಗ್ಯವಾದ ಅಂಶವೂ ಅದೇ ಆಗಿದೆ.